ಫಾಂಟು ಆರಿಸುವ ಕುರ್ಚಿಯಲ್ಲಿ ಕೂತವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಸರ್ಕಾರದ ಅರ್ಜಿ ನಮೂನೆ, ಸುತ್ತೋಲೆ, ಪಠ್ಯಪುಸ್ತಕ, ಊರ ಹೆಸರಿನ ಫಲಕ, ಮೊಬೈಲ್ ಆ್ಯಪು ಇವಕ್ಕೆಲ್ಲ ಯಾವ ಕನ್ನಡ ಫಾಂಟು ಹಾಕಬೇಕು ಅಂತ ಎಲ್ಲೋ ಯಾರೋ ಒಬ್ಬರು ತೀರ್ಮಾನ ಮಾಡಿರುತ್ತಾರೆ. ಆ ಒಬ್ಬರು ಯಾರು ಅನ್ನುವುದು ಈ ಕಸುಬಿನಲ್ಲಿ ಇಷ್ಟು ವರ್ಷ ಕಳೆದರೂ ನನಗೆ ಗೊತ್ತಾಗಿಲ್ಲ. ಹಾಗಾಗಿ ಹೆಸರು ಹಾಕದೆ ಕುರ್ಚಿಗೇ ಬರೆಯುತ್ತಿದ್ದೇನೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಇ-ಆಡಳಿತದವರು, ಯಾರ ಮೇಜಿನ ಮೇಲೆ ಬಿದ್ದರೂ ದಯವಿಟ್ಟು ಓದಿಕೊಳ್ಳಿ. ಮುಂದಿನ ಮೇಜಿಗೆ ದಾಟಿಸುವ ಮುನ್ನ ಓದಿಕೊಳ್ಳಿ.

ನಾನು ಶಿವಮೊಗ್ಗದಲ್ಲಿ ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಅಚ್ಚಿಗೆ ಪುಟ ಕಟ್ಟಿಕೊಡುವ ಅಂಗಡಿ, ಇಟ್ಟುಕೊಂಡವನು. ಅದಕ್ಕೂ ಮೊದಲು ಐದಾರು ವರ್ಷ ಒಂದು ಚಿಕ್ಕ ಪ್ರೆಸ್ಸಿನಲ್ಲಿ ಸೀಸದ ಮೊಳೆ ಜೋಡಿಸಿದ್ದೇನೆ. ಮದುವೆ ಕಾಗದ, ವೈಕುಂಠ ಸಮಾರಾಧನೆಯ ಕಾರ್ಡು, ಸೊಸೈಟಿಯ ವಾರ್ಷಿಕ ವರದಿ, ಆಗೊಂದು ಈಗೊಂದು ಕವನ ಸಂಕಲನ, ಇಷ್ಟೇ ನನ್ನ ಪ್ರಪಂಚ. ಫಾಂಟು ತಯಾರಿಸುವ ವಿದ್ಯೆ ನನಗೆ ಬರುವುದಿಲ್ಲ. ಅಡುಗೆ ಬಾರದಿದ್ದರೂ ಸಾರಿಗೆ ಉಪ್ಪು ಬಿದ್ದಿಲ್ಲ ಅಂತ ಹೇಳೋದಕ್ಕೆ ನಾಲಿಗೆ ಇದ್ದರೆ ಸಾಕಲ್ಲ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಜ್ಜರೊಬ್ಬರು ಒಂದು ಅರ್ಜಿ ಹಿಡಿದುಕೊಂಡು ಅಂಗಡಿಗೆ ಬಂದರು. ಯಾವುದೋ ಕಚೇರಿಯಲ್ಲಿ ಕೊಟ್ಟದ್ದು, ಝೆರಾಕ್ಸಿನ ಝೆರಾಕ್ಸು. ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಇದು ದುಡ್ಡು ಕೊಡೋದಾ, ದನ ಕೊಡೋದಾ ಮಾರಾಯ್ರೆ?" ನೋಡಿದೆ. "ಸಹಾಯದನ" ಅಂತಲೇ ಇತ್ತು. ಟೈಪು ಮಾಡಿದವರ ತಪ್ಪು ಅಂದುಕೊಂಡೆ. ಭೂತಗನ್ನಡಿ ಹಿಡಿದು ನೋಡಿದರೆ ಧಕಾರದ ಸೀಳು ಇದ್ದ ಜಾಗದಲ್ಲಿ ಒಂದು ಮಬ್ಬು ಗುರುತು. ಟೈಪು ಮಾಡಿದವರು ಸರಿಯಾಗಿಯೇ "ಸಹಾಯಧನ" ಎಂದು ಒತ್ತಿದ್ದಾರೆ. ಆ ಅಳತೆಯಲ್ಲಿ, ಆ ಕಾಗದದ ಮೇಲೆ ಸೀಳು ಮುಚ್ಚಿಹೋಗಿದೆ. ಅಜ್ಜರು ನಕ್ಕರು, ನಾನೂ ನಕ್ಕೆ. ಆಮೇಲೆ ಅದೇ ಹಾಳೆಯಲ್ಲಿ "ಫಲಾನುಭವಿ" ಹುಡುಕಿದೆ. ಅದು "ಪಲಾನುಭವಿ" ಆಗಿತ್ತು.

ಕನ್ನಡದಲ್ಲಿ ದ-ಧ, ಡ-ಢ, ಪ-ಫ, ಬ-ಭ ಜೋಡಿಗಳನ್ನು ಬೇರೆ ಮಾಡುವುದು ಒಂದು ಪುಟ್ಟ ಸೀಳು. ದಕಾರದ ಹೊಟ್ಟೆಗೆ ಚುಕ್ಕಿ ಇಟ್ಟರೆ ಥ. ಪಕಾರದ ಒಳಗೊಂದು ಗೆರೆ ಎಳೆದರೆ ಷ. ಅಂಕಿಗಳಲ್ಲೂ ಅಷ್ಟೇ: ೧ರ ಬಾಯಿ ಮುಚ್ಚಿದರೆ ಅದು ೦. ಅರ್ಥವೆಲ್ಲ ಕೂದಲೆಳೆಯಷ್ಟು ಜಾಗದಲ್ಲಿ ಕೂತಿರುವ ಲಿಪಿ ಇದು. ಹೀಗಿರುವಾಗ ಫಾಂಟನ್ನು ಅಳೆಯಬೇಕಾದದ್ದು ಆ ಕೂದಲೆಳೆಯಲ್ಲಿ. ನೀವು ಅಳೆಯುತ್ತಿರುವುದು ಬ್ಯಾನರಿನಲ್ಲಿ. ನನ್ನ ದೂರು ಇಷ್ಟೇ.

ಮೊಳೆಯ ಕಾಲದಲ್ಲಿ ಈ ತೊಂದರೆ ಇಷ್ಟು ಇರಲಿಲ್ಲ. ಆಗಿನವರು ಜಾಣರು, ಈಗಿನವರು ದಡ್ಡರು ಅಂತಲ್ಲ. ಮೊಳೆಯಲ್ಲಿ ಪ್ರತಿ ಅಳತೆಗೂ ಬೇರೆ ಅಚ್ಚು. 10 ಪಾಯಿಂಟಿನ ಧಕಾರಕ್ಕೆ ಒಬ್ಬ ಮನುಷ್ಯ ಬೇರೆಯಾಗಿ ಉಕ್ಕು ಕೊರೆಯುತ್ತಿದ್ದ, 24 ಪಾಯಿಂಟಿನದಕ್ಕೆ ಬೇರೆ. ಸಣ್ಣದರಲ್ಲಿ ಶಾಯಿ ಹರಡುತ್ತದೆಂದು ಗೊತ್ತಿದ್ದರಿಂದ ಸೀಳನ್ನು ಬೇಕೆಂದೇ ಅಗಲ ಮಾಡುತ್ತಿದ್ದ, ಹೊಟ್ಟೆ ದೊಡ್ಡದು ಬಿಡುತ್ತಿದ್ದ. ಈಗ ಒಂದೇ ಚಿತ್ರವನ್ನು ಕಂಪ್ಯೂಟರು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಮದುವೆ ಮಂಟಪದ ಬ್ಯಾನರಿಗೂ ಅದೇ ಧ, ಮಾತ್ರೆಯ ಪೊಟ್ಟಣದ ಹಿಂದಿನ ಸೂಚನೆಗೂ ಅದೇ ಧ. ದೊಡ್ಡದರಲ್ಲಿ ಬರೆದವನ ಕೈ ಎಷ್ಟು ಸೊಗಸಾಗಿದೆಯೋ ಸಣ್ಣದರಲ್ಲಿ ಅಷ್ಟೇ ಮೋಸ ಮಾಡುತ್ತದೆ. ಆದ್ದರಿಂದ "ಈ ಫಾಂಟು ಚೆನ್ನಾಗಿದೆಯಾ?" ಅನ್ನುವ ಪ್ರಶ್ನೆಯೇ ಅರ್ಧ. ಯಾವ ಅಳತೆಗೆ, ಯಾವ ಕಾಗದಕ್ಕೆ, ಯಾರ ಕಣ್ಣಿಗೆ ಅಂತ ಸೇರಿಸಿ ಕೇಳಬೇಕು.

ನಿಮ್ಮನ್ನು ಬಯ್ಯುವ ಮುಂಚೆ ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ.

ಸುಮಾರು ಹತ್ತು ವರ್ಷದ ಹಿಂದೆ ಒಬ್ಬ ಗಿರಾಕಿಯ ಗೃಹಪ್ರವೇಶ. ಮನೆಯ ಹೆಸರು "ಜ್ಯೋತ್ಸ್ನಾ". ಆಗಷ್ಟೇ ನನ್ನ ಕೈಗೆ ಒಂದು ಹೊಸ ಫಾಂಟು ಬಂದಿತ್ತು. "ಶುಭಾಗಮನ" ಅಂತ ದೊಡ್ಡದಾಗಿ ಹಾಕಿ ನೋಡಿದೆ, ಬಳುಕು ಬಹಳ ಚೆನ್ನಾಗಿತ್ತು, ಮೈಮರೆತೆ. ಕರೆಯೋಲೆ 500 ಪ್ರತಿ ಅಚ್ಚಾಯಿತು. ಗೇಟಿನ ಕಂಬಕ್ಕೆ ಕಪ್ಪು ಗ್ರಾನೈಟಿನ ಹೆಸರುಫಲಕ ಕೆತ್ತುವವರಿಗೂ ನನ್ನದೇ ಫೈಲು ಹೋಯಿತು. ಆ ಫಾಂಟಿನಲ್ಲಿ ಒಂದು ಒತ್ತಿಗೆ ಜಾಗ ಇತ್ತು, ಎರಡು ಒತ್ತಿಗೆ ಇರಲಿಲ್ಲ. ತಕಾರದ ಕೆಳಗೆ ಸಕಾರದ ಒತ್ತು ಬಂತು, ನಕಾರದ ಒತ್ತು ಪಕ್ಕಕ್ಕೆ ಸರಿಯುವ ಬದಲು ಸಕಾರದ ಮೇಲೆಯೇ ಹತ್ತಿ ಕೂತಿತು. ಕಾಗದದಲ್ಲಿ ಅದೊಂದು ಶಾಯಿ ಕಲೆಯ ಹಾಗೆ ಕಂಡಿತು, ಯಾರೂ ಗಮನಿಸಲಿಲ್ಲ. ಕಲ್ಲಿನಲ್ಲಿ ಗಮನಿಸದೆ ಇರಲು ಆಗಲಿಲ್ಲ. ಯಂತ್ರ ಪಾಪ, ಹೇಳಿದ ಹಾಗೆ ಎರಡು ಒತ್ತನ್ನೂ ಒಂದರ ಮೇಲೊಂದು ಕೊರೆದಿತ್ತು, ಅಲ್ಲಿ ಕಲ್ಲಿನ ಚಕ್ಕೆ ಎದ್ದು ಒಂದು ಗುಳಿ. ಮನೆಯವರು ಒಳ್ಳೆಯವರು, ಬದಲಾಯಿಸಲಿಲ್ಲ. ಆ ಬೀದಿಯಲ್ಲಿ ಹೋಗುವಾಗ ನಾನು ಇವತ್ತಿಗೂ ಎದುರು ಮನೆಯ ತೆಂಗಿನಮರ ನೋಡುತ್ತಾ ಹೋಗುತ್ತೇನೆ.

ತಪ್ಪು ಫಾಂಟಿನದಲ್ಲ, ನನ್ನದು. ನಾನು ಅದನ್ನು "ಶುಭಾಗಮನ"ದಲ್ಲಿ ಪರೀಕ್ಷೆ ಮಾಡಿದ್ದೆ. ಅದರಲ್ಲಿ ಒಂದೂ ಒತ್ತಕ್ಷರ ಇಲ್ಲ.

ಈಗ ನಿಮ್ಮ ಕಡೆ ನೋಡಿ. ಹೊಸ ಫಾಂಟು ಬಿಡುಗಡೆ ಆಗುವುದು ವೇದಿಕೆಯ ಮೇಲೆ, ಪರದೆಯ ಮೇಲೆ, ಗೇಣುದ್ದದ ಅಕ್ಷರದಲ್ಲಿ. ಅಲ್ಲಿ ತೋರಿಸುವುದು "ಸಿರಿಗನ್ನಡಂ ಗೆಲ್ಗೆ", ಇಲ್ಲವೇ "ಅ ಆ ಇ ಈ". ಸ್ವರಗಳು ಒಂಟಿಯಾಗಿ ನಿಂತರೆ ಯಾವ ಫಾಂಟಿನಲ್ಲಾದರೂ ಚಂದವೇ. ಹೆಣ್ಣು ನೋಡಲು ಹೋದವರು ಫೋಟೋ ಮಾತ್ರ ನೋಡಿ ಬಂದ ಹಾಗೆ ಆಯಿತು ಇದು. (ಈ ಹೋಲಿಕೆ ಈಗಿನ ಕಾಲಕ್ಕೆ ಸರಿಯಲ್ಲ ಅಂತ ನನ್ನ ಮಗಳು ಹೇಳಿದಳು. ಗಂಡು ನೋಡಲು ಹೋದವರು ಅಂತ ಓದಿಕೊಳ್ಳಿ.)

ಫಾಂಟೆಂದರೆ ಬರೀ ಚಿತ್ರಗಳ ಗಂಟು ಅಲ್ಲ. ಒಳಗೆ ನಿಯಮಗಳ ಒಂದು ಪಟ್ಟಿ ಇರುತ್ತದೆ. ಕ, ಹಲಂತ (ಅಕ್ಷರದ ಸ್ವರ ಕಳೆಯುವ ಗುರುತು), ಷ ಸಾಲಾಗಿ ಬಂದರೆ ಕ್ಷ ಮಾಡು. ರ, ಹಲಂತ, ಇನ್ನೊಂದು ವ್ಯಂಜನ ಬಂದರೆ ರಕಾರವನ್ನು ಅರ್ಕಾವೊತ್ತು ಮಾಡಿ ಹಿಂದಕ್ಕೆ ತಳ್ಳು. ಏತ್ವದ ದೀರ್ಘವನ್ನು ಒತ್ತಿನ ಆಚೆಗೆ ಇಡು. ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಮನೆ ಕೊಟ್ಟಿರುವ ಜಾಗತಿಕ ಪಟ್ಟಿ. ಅದರಲ್ಲಿ ಕನ್ನಡಕ್ಕೆ ಮೀಸಲಿಟ್ಟದ್ದು 128 ಮನೆ, ಅದರಲ್ಲಿ ತುಂಬಿರುವುದು ತೊಂಬತ್ತರ ಆಸುಪಾಸು. ಆದರೆ 34 ವ್ಯಂಜನಕ್ಕೆ 34 ಒತ್ತು ಕೊಟ್ಟರೇ 1,156 ಜೋಡಿ. ಅದರ ಮೇಲೆ ಕಾಗುಣಿತ, ಅದರ ಮೇಲೆ ಎರಡನೆಯ ಒತ್ತು. ಇಷ್ಟಕ್ಕೂ ಚಿತ್ರ ಬರೆದಿಡಲು ಆಗುವುದಿಲ್ಲ. ತುಂಡುಗಳನ್ನು ಇಟ್ಟು, ಜೋಡಿಸುವ ನಿಯಮ ಬರೆಯುತ್ತಾರೆ. ಚಿತ್ರ ಎಷ್ಟೇ ಚಂದ ಇದ್ದರೂ ನಿಯಮ ಕುಂಟಿದರೆ ಅಕ್ಷರ ಕುಂಟುತ್ತದೆ. ಇನ್ನೊಂದು ಕಷ್ಟ: ಆ ನಿಯಮಗಳನ್ನು ಓದಿ ಜಾರಿ ಮಾಡುವ ತಂತ್ರಾಂಶ ಎಲ್ಲ ಕಡೆ ಒಂದೇ ಅಲ್ಲ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಇವುಗಳಲ್ಲಿ ಹಾರ್ಫ್‌ಬಜ್ ಅನ್ನುವ ಒಂದು, ವಿಂಡೋಸಿನಲ್ಲಿ ಮೈಕ್ರೋಸಾಫ್ಟಿನದೇ ಇನ್ನೊಂದು, ಆ್ಯಪಲ್‌ನಲ್ಲಿ ಮತ್ತೊಂದು. ನಿಮ್ಮ ಮೇಜಿನ ಕಂಪ್ಯೂಟರಿನಲ್ಲಿ ಸರಿ ಕಂಡದ್ದು ಗ್ರಾಮ ಪಂಚಾಯಿತಿಯ ಮೊಬೈಲಿನಲ್ಲಿ ಸರಿ ಕಾಣಬೇಕು ಅಂತೇನಿಲ್ಲ.

ಹಾಗಾಗಿ ಆ ಗ್ರಾನೈಟಿನ ನಂತರ ನಾನೊಂದು ಹಾಳೆ ಮಾಡಿಟ್ಟುಕೊಂಡೆ. ಯಾವ ಫಾಂಟು ಬಂದರೂ ಮೊದಲು ಆ ಹಾಳೆಯ ಮೇಲೆ ನಡೆಯಬೇಕು. ಅದರ ಮೊದಲ ಸಾಲು "ಜ್ಯೋತ್ಸ್ನಾ", ಪ್ರಾಯಶ್ಚಿತ್ತಕ್ಕೆ. ಆಮೇಲೆ "ಸ್ವಾತಂತ್ರ್ಯ", "ವೈಶಿಷ್ಟ್ಯ", "ರಾಷ್ಟ್ರೀಯ". ಇವು ಪಂಡಿತರ ಪದಗಳಲ್ಲ, ಪ್ರತಿ ಸುತ್ತೋಲೆಯಲ್ಲಿ ಬರುವ ಪದಗಳು. "ಸ್ಥೈರ್ಯ" ನನಗೆ ಬಹಳ ಇಷ್ಟದ ಪದ. ಐತ್ವದ ಬಾಲ ಕೆಳಗಿಳಿಯುತ್ತದೆ, ಥಕಾರದ ಒತ್ತೂ ಕೆಳಗೇ ಇರುತ್ತದೆ, ಇಬ್ಬರಿಗೂ ಒಂದೇ ಕಡೆ ಕೆಲಸ. ಒಳ್ಳೆಯ ಫಾಂಟಿನಲ್ಲಿ ಒಬ್ಬರಿಗೊಬ್ಬರು ದಾರಿ ಬಿಡುತ್ತಾರೆ, ಕೆಟ್ಟ ಫಾಂಟಿನಲ್ಲಿ ಕೆಎಸ್ಸಾರ್ಟಿಸಿ ಬಸ್ಸಿನ ಬಾಗಿಲ ಹಾಗೆ ನುಗ್ಗುತ್ತಾರೆ. "ವಿಸ್ತೃತ"ದಲ್ಲಿ ವಟ್ರಸುಳಿ ಮತ್ತು ಒತ್ತಿನ ಜಗಳ. ತಮಾಷೆಗೆ ಅಂತ ಒಂದು "ಕಾರ್ತ್ಸ್ನ್ಯ" ಕೂಡ ಇಟ್ಟಿದ್ದೇನೆ. ಅದು ಫೇಲಾದರೆ ನಾನು ನಂಬರು ಕಳೆಯುವುದಿಲ್ಲ, ಪಾಸಾದರೆ ಮಾತ್ರ ಆ ಫಾಂಟು ಮಾಡಿದವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ರಕಾರದ್ದೇ ಒಂದು ಪುರಾಣ. ಯೂನಿಕೋಡಿನಲ್ಲಿ ರ, ಹಲಂತ, ಯ ಎಂದು ಒತ್ತಿದರೆ ಅರ್ಕಾವೊತ್ತು ಬಂದು "ಸೂರ್ಯ" ಸರಿಯಾಗುತ್ತದೆ. ಆದರೆ "ರ‍್ಯಾಲಿ", "ರ‍್ಯಾಂಕ್" ಅಂತ ಬರೆಯಬೇಕಾದಾಗ ರಕಾರ ನೆಟ್ಟಗೆ ನಿಂತು ಯಕಾರ ಕೆಳಗೆ ಬರಬೇಕು. ಅದಕ್ಕೆ ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಹಾಕುತ್ತಾರೆ. ಫಾಂಟು ಅದನ್ನು ಅರ್ಥ ಮಾಡಿಕೊಳ್ಳದಿದ್ದರೆ "ರ್ಯಾಲಿ" ಆಗುತ್ತದೆ, ಕೆಲವು ಸಲ ಮಧ್ಯೆ ಒಂದು ಖಾಲಿ ಚೌಕ ಬಂದು ಕೂರುತ್ತದೆ. ಇದರ ತಮ್ಮ ಇನ್ನೊಬ್ಬ ಇದ್ದಾನೆ, ಅವನೂ ಕಾಣುವುದಿಲ್ಲ. ಅವನ ಕೆಲಸ ಬಿಡಿಸುವುದು. "ರಾಜ್‌ಕುಮಾರ್" ಅನ್ನುವುದು "ರಾಜ್ಕುಮಾರ್" ಆಗದಂತೆ ಕಾಯುವವನು ಅವನೇ. ಅಣ್ಣಾವ್ರ ಹೆಸರನ್ನೇ ಸರಿಯಾಗಿ ತೋರಿಸದ ಫಾಂಟನ್ನು ಕನ್ನಡ ಫಾಂಟು ಅಂತ ಹೇಗೆ ಕರೆಯೋದು?

ಹಳಗನ್ನಡ ಅಚ್ಚು ಮಾಡಿಸುವ ಅಕಾಡೆಮಿ, ವಿಶ್ವವಿದ್ಯಾಲಯದವರಿಗೆ ಎರಡು ಮಾತು. ನಿಮ್ಮ ಫಾಂಟಿನಲ್ಲಿ ಱ, ೞ ಇದೆಯೇ ನೋಡಿಕೊಳ್ಳಿ. ನಕಾರ ಪೊಲ್ಲು (ಸ್ವರವಿಲ್ಲದ ನಕಾರಕ್ಕಿದ್ದ ಹಳೆಯ ಅಕ್ಷರ) ಯೂನಿಕೋಡಿಗೆ ಸೇರಿದ್ದೇ 2021ರಲ್ಲಿ, ಅದಕ್ಕಿಂತ ಹಳೆಯ ಫಾಂಟಿನಲ್ಲಿ ಅದಕ್ಕೆ ಮನೆ ಇರುವುದಿಲ್ಲ. ಅಂದಹಾಗೆ ೞ ಅಕ್ಷರಕ್ಕೆ ಯೂನಿಕೋಡಿನವರು ಶುರುವಿನಲ್ಲಿ ಇಟ್ಟ ಹೆಸರು "ಫಾ". ಫಕಾರಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ಶುದ್ಧ ತಪ್ಪು. ಒಮ್ಮೆ ಇಟ್ಟ ಹೆಸರು ಬದಲಿಸಬಾರದು ಅನ್ನುವುದು ಅವರ ನಿಯಮವಾದ್ದರಿಂದ ಪಕ್ಕದಲ್ಲಿ ತಿದ್ದುಪಡಿಯ ಅಡ್ಡಹೆಸರು ಕೊಟ್ಟು ಸುಮ್ಮನಾಗಿದ್ದಾರೆ. ಜಾತಕದಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಒಂದು ಹೆಸರು ಇರುವವರು ನಮ್ಮಲ್ಲೂ ಇದ್ದಾರೆ ಬಿಡಿ. ಕೊಂಕಣಿ, ಹವ್ಯಕದ ಮೂಗಿನ ಸ್ವರಕ್ಕೆ ಬೇಕಾದ ಗುರುತು ಸೇರಿದ್ದು 2022ರಲ್ಲಿ. ತುಳು, ಕೊಂಕಣಿ, ಕೊಡವ, ಬ್ಯಾರಿ ಬರೆಯುವವರೂ ಇದೇ ಲಿಪಿಯಲ್ಲಿ ಬರೆಯುತ್ತಾರೆ, ಪರೀಕ್ಷೆಯ ಹಾಳೆಯಲ್ಲಿ ಅವರ ನಾಲ್ಕು ಸಾಲೂ ಇರಲಿ.

ಈಗ ಸ್ವಲ್ಪ ಹಿಂದಿನ ಮಾತು, ಏಕೆಂದರೆ ನಮ್ಮ ಅರ್ಧ ತಾಪತ್ರಯ ಅಲ್ಲಿಂದ ಬಂದದ್ದು. 1998ರಲ್ಲಿ ಕನ್ನಡ ಟೈಪು ಮಾಡುವ ತಂತ್ರಾಂಶ ಬರಹ ಬಂತು, ಅದಾದ ಕೆಲವು ವರ್ಷಕ್ಕೆ ಅಂಥದ್ದೇ ಇನ್ನೊಂದು, ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ನನ್ನಂಥ ಸಾವಿರಾರು ಜನರ ಹೊಟ್ಟೆ ತುಂಬಿದ್ದು ಅವುಗಳಿಂದ, ಆ ಋಣ ಮರೆಯುವಂಥದ್ದಲ್ಲ. ಆದರೆ ಆ ಕಾಲದ ಫಾಂಟುಗಳ ಒಳಗೆ ಕನ್ನಡ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಿಗೆ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದ್ದರು. "ಕನ್ನಡ" ಎಂದು ನುಡಿಯ ಹಳೆಯ ಫಾಂಟಿನಲ್ಲಿ ಬರೆದು ಫಾಂಟನ್ನು ಕಿತ್ತುಹಾಕಿದರೆ ಉಳಿಯುವುದು ಇದು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡು ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಎಸ್ಸು, ಸಣ್ಣ ಕ್ಯೂ, ಮತ್ತೊಮ್ಮೆ ಗೀಟಿನ ಎ. ಆ ಗೀಟಿನ ಎ ಯಾರು ಗೊತ್ತೇ? ನಮ್ಮ ತಲೆಕಟ್ಟು. ಪಿ ಅನ್ನುವುದು ತಲೆಕಟ್ಟು ಇಲ್ಲದ ಬೋಳು ಕ. ಒಟ್ಟು 7 ಚೂರು. ಯೂನಿಕೋಡಿನಲ್ಲಿ ಅದೇ ಪದ ಕ, ನ, ಹಲಂತ, ನ, ಡ, ಐದೇ.

ಆಗ ಬೇರೆ ದಾರಿ ಇರಲಿಲ್ಲ, ಒಪ್ಪೋಣ. ಪುಟ ಕಟ್ಟುವ ತಂತ್ರಾಂಶಗಳಲ್ಲಿ ಪೇಜ್‌ಮೇಕರಿಗೆ ಕನ್ನಡ ಯೂನಿಕೋಡು ಗೊತ್ತೇ ಇರಲಿಲ್ಲ, ಇಂಡಿಸೈನು ಅದನ್ನು ನೆಟ್ಟಗೆ ಜೋಡಿಸಲು ಕಲಿತದ್ದು 2012ರ ಹೊತ್ತಿಗೆ. ಸರ್ಕಾರ ಯೂನಿಕೋಡನ್ನು ಒಪ್ಪಿಕೊಂಡು ಹತ್ತು ವರ್ಷದ ಮೇಲಾಯಿತು. ಆದರೂ ನನ್ನ ಅಂಗಡಿಗೆ ಇವತ್ತಿಗೂ "ನುಡಿಯಲ್ಲೇ ಮಾಡಿಕೊಡಿ, ಆಫೀಸಿನಲ್ಲಿ ಅದೇ ಓಪನ್ ಆಗೋದು" ಅಂತ ಕೇಳಿಕೊಂಡು ಬರುವವರಿದ್ದಾರೆ. ಕಣ್ಣಿಗೆ ಅದು ಕನ್ನಡವೇ. ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರ ಕಂಪ್ಯೂಟರು ಅದನ್ನು ಗಟ್ಟಿಯಾಗಿ ಓದಲು ಹೊರಟರೆ ಅದಕ್ಕೆ ಸಿಗುವುದು ಪಿ, ಪೌಂಡು, ಕ್ಯೂ. ದೃಷ್ಟಿ ಇಲ್ಲದ ಒಬ್ಬ ಮೇಷ್ಟರು ನನ್ನ ಅಂಗಡಿಯಲ್ಲಿ ಕೂತು ತಮ್ಮದೇ ವರ್ಗಾವಣೆಯ ಆದೇಶವನ್ನು ಹೀಗೆ ಕೇಳಿಸಿಕೊಂಡರು. ಎರಡು ಸಾಲು ಕೇಳಿ, ಹೆಡ್‌ಫೋನು ತೆಗೆದು, "ನೀವೇ ಓದಿಬಿಡಿ" ಅಂದರು.

ಯೂನಿಕೋಡಿನಲ್ಲಿದ್ದರೆ ಎಲ್ಲ ಮುಗಿಯಿತು ಅಂತಲೂ ಇಲ್ಲ. ಯೂನಿಕೋಡ್ ಫಾಂಟಿನಲ್ಲೇ ಮಾಡಿದ ಪಿಡಿಎಫ್ ಒಂದನ್ನು ತೆರೆದು "ಕರ್ನಾಟಕ" ಎಂಬ ಪದವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಬಹಳ ಸಲ "ಕನಾರ್ಟಕ" ಎಂದು ಬೀಳುತ್ತದೆ. ಕಣ್ಣಿಗೆ ಅರ್ಕಾವೊತ್ತು ನಾ-ದ ಆಚೆಗೆ ಕಾಣುತ್ತದಲ್ಲ, ನಕಲು ಮಾಡುವಾಗ ಅದು ಕಂಡ ಜಾಗದಲ್ಲೇ ರಕಾರವಾಗಿ ಎದ್ದು ನಿಲ್ಲುತ್ತದೆ. ಇದರಲ್ಲಿ ಫಾಂಟಿನ ಪಾಲೆಷ್ಟು, ಪಿಡಿಎಫ್ ಮಾಡುವ ತಂತ್ರಾಂಶದ ಪಾಲೆಷ್ಟು ಅನ್ನುವುದು ಬೇರೆ ಬೇರೆ ಸಲ ಬೇರೆ ಬೇರೆ. ಆದರೆ ರಾಜ್ಯದ ಹೆಸರು ಹುಡುಕಿದರೆ ಆ ಕಡತದಲ್ಲಿ ರಾಜ್ಯವೇ ಇಲ್ಲ. ಫಾಂಟು ಕೊಂಡವರು ಇದನ್ನು ಒಂದು ಸಲ ಮಾಡಿ ನೋಡಬೇಕು, ಎರಡು ನಿಮಿಷದ ಕೆಲಸ.

ಇನ್ನು ಅಳತೆ. "ಕನ್ನಡ ಅಕ್ಷರ 12 ಪಾಯಿಂಟಿನಲ್ಲಿರಬೇಕು" ಅಂತ ಷರತ್ತು ಬರೆಯುವ ರೂಢಿ ಇದೆ. ಆ ಷರತ್ತಿಗೆ ಅರ್ಥವಿಲ್ಲ. ಒಂದು ಪಾಯಿಂಟ್ ಅಂದರೆ ಅಂಗುಲದ 72ರಲ್ಲಿ ಒಂದು ಭಾಗ, ಹಾಗಾಗಿ 12 ಪಾಯಿಂಟ್ ಅಂದರೆ 4 ಮಿಲಿಮೀಟರಿಗೆ ಸ್ವಲ್ಪ ಮೇಲೆ, ಸರಿ. ಆದರೆ ಅದು ಅಕ್ಷರ ಕೂರುವ ಪೆಟ್ಟಿಗೆಯ ಎತ್ತರ, ಅಕ್ಷರದ್ದಲ್ಲ. ಪೆಟ್ಟಿಗೆಯೊಳಗೆ ಕಕಾರವನ್ನು ಎಷ್ಟು ದೊಡ್ಡದು ಬರೆಯಬೇಕು ಅನ್ನುವುದು ಫಾಂಟು ಮಾಡಿದವರ ಇಷ್ಟ. ಮೇಲೆ ಗುಡಿಸು, ಕೆಳಗೆ ಎರಡು ಒತ್ತು ಹಿಡಿಸಬೇಕೆಂದು ಕೆಲವರು ಕಕಾರವನ್ನು ಕುಗ್ಗಿಸುತ್ತಾರೆ, ಕೆಲವರು ಹಿಗ್ಗಿಸಿ ಸಾಲುಗಳ ನಡುವೆ ಜಾಗ ಕೇಳುತ್ತಾರೆ. ಎರಡು ಫಾಂಟಿನಲ್ಲಿ ಒಂದೇ ವಾಕ್ಯವನ್ನು 12ರಲ್ಲಿ ಹಾಕಿ ಮೇಲೆ ಕೆಳಗೆ ಇಟ್ಟು ನೋಡಿ, ಒಂದು ಅಣ್ಣ, ಒಂದು ತಮ್ಮ. ಪುಟ ಉಳಿಸಬೇಕೆಂದವನು ತಮ್ಮನನ್ನು ಆರಿಸಿಕೊಳ್ಳುತ್ತಾನೆ, ಷರತ್ತು ಮಾತ್ರ ಮುರಿದಿರುವುದಿಲ್ಲ. ಅಳೆಯುವುದಾದರೆ ಅಚ್ಚಾದ ಕಾಗದದ ಮೇಲೆ ಕಕಾರಕ್ಕೆ ಸ್ಕೇಲು ಇಟ್ಟು ಮಿಲಿಮೀಟರಿನಲ್ಲಿ ಅಳೆಯಿರಿ. ಎರಡನೆಯ ತರಗತಿಯ ಪುಸ್ತಕಕ್ಕೆ ಇಷ್ಟು, ಅರ್ಜಿ ನಮೂನೆಗೆ ಕನಿಷ್ಠ ಇಷ್ಟು ಅಂತ ಬರೆದಿಡಿ.

ಸಾಲಿನ ಅಂತರವೂ ಹಾಗೆಯೇ. ಇಂಗ್ಲಿಷಿಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸುತ್ತಾರೆ. ಮೊಬೈಲಿನ ಗುಂಡಿಗಳ ಮೇಲೆ "ಸಲ್ಲಿಸಿ" ಅನ್ನುವುದರ ಒತ್ತಿನ ಕಾಲು ಕತ್ತರಿಸಿಹೋಗಿ "ಸಲಿಸಿ" ಆಗಿರುವುದನ್ನು ನೀವೂ ನೋಡಿರುತ್ತೀರಿ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಒಂದು ಸಂಜೆ ಬೇರೆ ಕೆಲಸವಿಲ್ಲದೆ ಒಂದು ಬಸ್ಸಿನ ದೀಪದ ಬೋರ್ಡಿನ ಸಾಲುಗಳನ್ನು ಎಣಿಸಿದೆ. ಮೇಲಿಂದ ಕೆಳಗೆ 16 ದೀಪ. ಅದರಲ್ಲಿ ಶಿಕಾರದ ಗುಡಿಸು ಮೇಲೆ, ಗಕಾರದ ಒತ್ತು ಕೆಳಗೆ, ನಡುವೆ ಅಕ್ಷರ. ನಡುವಿನದಕ್ಕೆ ಜಾಗ ಕೊಟ್ಟು ಕೆಳಗೆ ಉಳಿದ ಎರಡು ಸಾಲಿನಲ್ಲಿ ಒತ್ತನ್ನು ಹಿಂಡಿದ್ದರು. ನನ್ನ ಊರು "ಶಿವಮೊಗ" ಆಗಿ, ಕೆಳಗೊಂದು ಸೊಳ್ಳೆ ಕೂತಿತ್ತು. ಅದೇ ಬೋರ್ಡಿನಲ್ಲಿ ಇಂಗ್ಲಿಷು ಹೊಳೆಯುತ್ತಿತ್ತು, ಇಂಗ್ಲಿಷಿಗೆ 16 ಸಾಕು. ಕನ್ನಡಕ್ಕೆ 24 ಇರುವ ಬೋರ್ಡು ಕೊಳ್ಳಬೇಕು ಅಂತ ಟೆಂಡರಿನಲ್ಲಿ ಬರೆಯಬೇಕಾದವರು ಅಕ್ಷರದ ಜನರಲ್ಲ, ಬಸ್ಸಿನ ಜನ. ಅವರಿಗೆ ಹೇಳಬೇಕಾದವರು ನೀವು.

"ಅಕ್ಷರದ ಚಂದ ಅವರವರ ರುಚಿ, ಇದಕ್ಕೆ ಪರೀಕ್ಷೆ ಏನು?" ಅಂತ ಒಬ್ಬ ಅಧಿಕಾರಿ ನನ್ನನ್ನೇ ಕೇಳಿದ್ದುಂಟು. ಚಪ್ಪಲಿಯ ಬಣ್ಣ ರುಚಿ ಸ್ವಾಮಿ, ಅಳತೆ ರುಚಿಯಲ್ಲ. ತಲೆಕಟ್ಟು ಎಷ್ಟು ಬಾಗಬೇಕು, ಗೆರೆಯಲ್ಲಿ ದಪ್ಪ-ತೆಳು ಬೇಕೋ ಒಂದೇ ಸಮ ಇರಬೇಕೋ, ಇವು ರುಚಿ. ನನಗೆ ತೆಲುಗಿನ ತಲೆಕಟ್ಟಿನ ಹಾಗೆ ಮೇಲಕ್ಕೆ ಚಿಮ್ಮುವ ಕನ್ನಡ ತಲೆಕಟ್ಟು ಕಂಡರೆ ಆಗುವುದಿಲ್ಲ. ಅದು ನನ್ನ ಹಟ, ನಿಮ್ಮ ಮೇಲೆ ಹೇರುವುದಿಲ್ಲ. ಧಕಾರ ದಕಾರವಾಗದೆ ಉಳಿಯುವುದು ರುಚಿಯಲ್ಲ.

ರುಚಿ ಮತ್ತು ಅಳತೆಯ ನಡುವೆ ಒಂದು ಜಾಗ ಇದೆ, ಅದನ್ನು ನನಗೆ ಕಲಿಸಿದವರು ಪ್ರೆಸ್ಸಿನ ಹಿರಿಯ ಕಂಪೋಸಿಟರು. ಹೊಸ ಮೊಳೆ ಬಂದರೆ ಅವರು ಒಂದು ಪ್ಯಾರಾ ಜೋಡಿಸಿ, ಒಳ್ಳೆಯ ಕಾಗದದ ಮೇಲಲ್ಲ, ಅತಿ ಅಗ್ಗದ ನ್ಯೂಸ್‌ಪ್ರಿಂಟಿನ ಮೇಲೆ ಒಂದು ಪ್ರತಿ ತೆಗೆಯುತ್ತಿದ್ದರು. ಅದನ್ನು ಗೋಡೆಗೆ ಅಂಟಿಸಿ ಮೂರು ಹೆಜ್ಜೆ ಹಿಂದೆ ನಿಂತು ಕಣ್ಣು ಅರೆಮುಚ್ಚಿ ನೋಡುತ್ತಿದ್ದರು. ಓದುತ್ತಿರಲಿಲ್ಲ. "ಬೂದಿ ಸಮ ಇದೆಯಾ ನೋಡೋ" ಅನ್ನುತ್ತಿದ್ದರು. ಪ್ಯಾರಾ ಪೂರ್ತಿ ಒಂದೇ ಬೂದಿ ಬಣ್ಣ ಕಾಣಬೇಕು. ಎಲ್ಲಾದರೂ ಕಪ್ಪು ಮಚ್ಚೆ ಎದ್ದರೆ ಅಲ್ಲೊಂದು ಒತ್ತು ಅಥವಾ ಝಕಾರ ದಪ್ಪವಾಗಿದೆ, ಬಿಳಿ ತೂತು ಬಿದ್ದರೆ ಅಲ್ಲಿ ಅಂತರ ಕೆಟ್ಟಿದೆ ಅಂತ ಲೆಕ್ಕ. ಇದನ್ನು ನಾನು ಇವತ್ತು ಲೇಸರ್ ಪ್ರಿಂಟಿನ ಮೇಲೂ ಮಾಡುತ್ತೇನೆ. ಕಂಪ್ಯೂಟರು ತಾನೇ ದಪ್ಪ ಮಾಡಿದ ಅಕ್ಷರ ಇಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ. ಫಾಂಟಿನಲ್ಲಿ ನಿಜವಾದ ದಪ್ಪ ಅಕ್ಷರ ಇಲ್ಲದಿದ್ದರೆ ತಂತ್ರಾಂಶ ಇದ್ದ ಗೆರೆಯನ್ನೇ ಉಬ್ಬಿಸುತ್ತದೆ, ಉಬ್ಬಿದ ಗೆರೆ ಮೊದಲು ನುಂಗುವುದು ಆ ಸೀಳನ್ನೇ. ಅಜ್ಜರ ಅರ್ಜಿಯಲ್ಲಿ ಆದದ್ದೂ ಅದೇ ಅಂತ ನನ್ನ ಅನುಮಾನ, ಆ ಸಾಲು ದಪ್ಪ ಅಕ್ಷರದಲ್ಲಿತ್ತು.

ಒಳ್ಳೆಯ ಫಾಂಟೇ ಇಲ್ಲ ಅಂತ ನಾನು ಗೋಳಾಡುತ್ತಿಲ್ಲ. ಹತ್ತಿಪ್ಪತ್ತು ವರ್ಷದ ಹಿಂದೆ ಇರಲಿಲ್ಲ. ವಿಂಡೋಸ್ ಎಕ್ಸ್‌ಪಿಯ ಜೊತೆ 2001ರಲ್ಲಿ ತುಂಗಾ ಬಂದಾಗ ಅದೇ ನಮಗೆ ಗಂಗೆ. ಆಮೇಲೆ ಲೋಹಿತ್ ಬಂತು. ಗುಬ್ಬಿ, ನವಿಲು ಬಂದವು, ಅವು ಸಂಬಳವಿಲ್ಲದೆ ರಾತ್ರಿ ಕೂತು ಕೆಲಸ ಮಾಡಿದವರ ಪುಣ್ಯ. ಈಗ ಗೂಗಲ್‌ನವರ ನೋಟೋ ಇದೆ, ಸಪಾಟಾಗಿರುವುದೂ ದಪ್ಪ-ತೆಳು ಇರುವುದೂ ಎರಡೂ. ಹಾರ್ವರ್ಡ್ ಪ್ರೆಸ್ಸಿನ ಮೂರ್ತಿ ಕ್ಲಾಸಿಕಲ್ ಲೈಬ್ರರಿಗೆಂದು ಮಾಡಿದ ಟೀರೋ ಕನ್ನಡ ಇದೆ. ಪುಸ್ತಕದ ಪುಟಕ್ಕೆ ನಾನು ಕಂಡಂತೆ ಅದರ ಬೂದಿ ಬಹಳ ಸಮ. ಏಕ್ ಟೈಪ್‌ನವರ ಅನೇಕ್ ಇದೆ, ಒಂದೇ ಕುಟುಂಬದಲ್ಲಿ ಕಡ್ಡಿಯಿಂದ ಪೈಲ್ವಾನನವರೆಗೆ ಎಲ್ಲರೂ. ಅದರಲ್ಲಿ ಅತಿ ಇಕ್ಕಟ್ಟಾದ ಅತಿ ದಪ್ಪವನ್ನು ಅರ್ಜಿಗೆ ಹಾಕಿದರೆ ತಪ್ಪು ಹಾಕಿದವನದು, ಅದನ್ನು ಮಾಡಿದ್ದು ತಲೆಬರಹಕ್ಕೆ. ತುಂಗಾ ಒಂದನ್ನು ಬಿಟ್ಟರೆ ಇವೆಲ್ಲ ಪುಕ್ಕಟೆ ಸಿಗುತ್ತವೆ, ಮುಕ್ತ ಪರವಾನಗಿಯಲ್ಲಿ. ಹೀಗಿರುವಾಗ ದುಡ್ಡು ಕೊಟ್ಟು ಹೊಸದು ಮಾಡಿಸುವುದಾದರೆ ಅದು ಇವಕ್ಕಿಂತ ಯಾವುದರಲ್ಲಿ ಮೇಲು ಅಂತ ಕೇಳುವ ಹಕ್ಕು ನಮಗಿಲ್ಲವೇ?

ನಾನು ಕೇಳುವುದು ಹೆಚ್ಚಿನದೇನಲ್ಲ. ಫಾಂಟು ಒಪ್ಪುವ ಮೊದಲು, ಬಿಲ್ಲು ಪಾಸು ಮಾಡುವ ಮೊದಲು, ಒಂದು ಹಾಳೆ ಅಚ್ಚು ಮಾಡಿಸಿ. ಆರ್ಟ್ ಪೇಪರಿನ ಮೇಲೆ ಬೇಡ, ತಾಲ್ಲೂಕು ಕಚೇರಿಯ ಟೋನರ್ ಮುಗಿಯುತ್ತಾ ಬಂದ ಪ್ರಿಂಟರಿನಲ್ಲಿ. ಅದನ್ನು ಎರಡು ಸಲ ಝೆರಾಕ್ಸ್ ಮಾಡಿಸಿ. ಅರವತ್ತು ದಾಟಿದ ಇಬ್ಬರು, ಒಬ್ಬ ಕನ್ನಡ ಶಾಲೆಯ ಟೀಚರು, ಒಬ್ಬ ಕರಡು ತಿದ್ದುವವರು ಅದನ್ನು ಗಟ್ಟಿಯಾಗಿ ಓದಲಿ. ಎಡವಿದ ಪದಕ್ಕೆ ಗುರುತು ಹಾಕಿ. ಅದೇ ಪಠ್ಯವನ್ನು ಆರೇಳು ಸಾವಿರ ರೂಪಾಯಿಯ ಮೊಬೈಲಿನಲ್ಲಿ ತೆರೆಯಿರಿ, ಕಣ್ಣು ಕಾಣದ ಒಬ್ಬರಿಗೆ ಕೊಟ್ಟು ಕೇಳಿಸಿಕೊಳ್ಳಲು ಹೇಳಿ, ಪಿಡಿಎಫ್ ಮಾಡಿ "ಕರ್ನಾಟಕ" ಹುಡುಕಿ. ಏನು ಕಂಡಿತು ಅಂತ ಎಲ್ಲರಿಗೂ ಕಾಣುವ ಕಡೆ ಹಾಕಿ, ಫೇಲಾಗಿದ್ದರೆ ಫೇಲು ಅಂತಲೇ. ಮತ್ತೆ ಮೂಲ ಕಡತಗಳು ಸರ್ಕಾರದ ಕೈಯಲ್ಲಿ, ಮುಕ್ತ ಪರವಾನಗಿಯಲ್ಲಿ ಇರಲಿ. ಮಾಡಿದವರು ಅಂಗಡಿ ಮುಚ್ಚಿದರೂ ನಾಳೆ ಇನ್ನೊಬ್ಬ ಹುಡುಗಿ ಆ ಧಕಾರವನ್ನು ತಿದ್ದುವಂತಿರಬೇಕು. ತಪ್ಪು ಕಂಡವರು ಬರೆದು ತಿಳಿಸಲು ಒಂದು ವಿಳಾಸ ಕೊಡಿ, ಬರೆದವರಿಗೆ ಉತ್ತರ ಬರೆಯಿರಿ.

ನಾನು ಹೇಳಿದ ಹಾಳೆಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಒಂದೇ ಪುಟ, 42 ಸಾಲು, ಮೊದಲ ಸಾಲು "ಜ್ಯೋತ್ಸ್ನಾ", ಕೊನೆಯ ಸಾಲು "ಸಹಾಯಧನ", ಅದು 9 ಪಾಯಿಂಟಿನಲ್ಲಿದೆ. ಯಾರು ಬೇಕಾದರೂ ಬಳಸಿ, ಸೇರಿಸಿ, ಹೊಡೆದುಹಾಕಿ. ಯೂನಿಕೋಡಿನಲ್ಲೇ ಇದೆ, ನಿಮ್ಮ ಆಫೀಸಿನಲ್ಲಿ ಓಪನ್ ಆಗದಿದ್ದರೆ ಹೇಳಿ ಕಳಿಸಿ, ಪ್ರಿಂಟು ತೆಗೆದು ಅಂಚೆಗೆ ಹಾಕುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಶಿವಮೊಗ್ಗದ ಒಬ್ಬ ಡಿಟಿಪಿಯವನು
(ಗಕಾರಕ್ಕೆ ಒತ್ತು ಇದೆ, ದಯವಿಟ್ಟು ನೋಡಿಕೊಳ್ಳಿ)